ಮುನಿಸಿನ ಊಟ

ಈ ಸಭೆಯ ಅಧ್ಯಕ್ಷತೆ ವಹಿಸಿರುವ, ನಿವೃತ್ತರಾಗಿ ಇಷ್ಟು ಕಾಲವಾದರೂ ನಾವೆಲ್ಲ ಹೆಡ್‌ಮಿಸ್ ಎಂದೇ ಕರೆಯುವ ಹಿರಿಯರೇ. ಮುಖ್ಯ ಅತಿಥಿಗಳಾಗಿ ಬಂದು, ಬಂದ ಗಳಿಗೆಯಿಂದ ಫೋನನ್ನು ಕಿವಿಯಿಂದ ಇಳಿಸದ ನಮ್ಮ ವಾರ್ಡಿನ ಸದಸ್ಯರೇ. ಮುಂದಿನ ಕಟ್ಟಡದ ಬಂಧುಗಳೇ, ಹಿಂದಿನ ಕಟ್ಟಡದ ಬಂಧುಗಳೇ. ನನ್ನ ಕಡೆ ಒಂದು ಕಣ್ಣು, ಊಟದ ಮೇಜಿನ ಕಡೆ ಒಂದು ಕಣ್ಣು ಇಟ್ಟು ಕೂತಿರುವ ಪ್ರಾಮಾಣಿಕ ಸಭಿಕರೇ,

ಎಲ್ಲರಿಗೂ ನನ್ನ ವಂದನೆಗಳು.

ಈಗತಾನೇ ನನ್ನ ಕೈಗೆ ಈ ಫಲಕವನ್ನು ಕೊಟ್ಟಿರಿ. ‘ಎರಡು ಕಟ್ಟಡಗಳನ್ನು ಒಂದು ಮಾಡಿದ ಕಾರ್ಯದರ್ಶಿಗೆ ನಿವಾಸಿಗಳ ಸಂಘದ ಪ್ರೀತಿಯ ಕಾಣಿಕೆ’ ಎಂದು ಬರೆಸಿದ್ದೀರಿ. ಬರೆಸಿದವರ ಒಳ್ಳೆಯ ಮನಸ್ಸಿನ ಬಗ್ಗೆ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಆದರೆ ನಿಜವಾಗಿಯೂ ನಾನು ಒಂದು ಮಾಡಿದ್ದು ಯಾವುದನ್ನು? ಯಾರನ್ನು? ಈ ಪ್ರಶ್ನೆಯನ್ನು ನೀವು ಕೇಳದಿದ್ದರೂ ನಾನೇ ಕೇಳಿಕೊಂಡು ಬಂದಿದ್ದೇನೆ. ಚಪ್ಪಾಳೆ ಆಮೇಲೆ ಹೊಡೆಯಿರಿ, ಬೇಕು ಅನ್ನಿಸಿದರೆ.

ನಾನು ಮಾತುಗಾರನಲ್ಲ. ಕಾರು ಓಡಿಸಲು ಕಲಿಸುವವನು. ಈ ಸಭಾಂಗಣದಲ್ಲಿ ಕೂತಿರುವ ಅರ್ಧ ಜನ ನನ್ನ ಪಕ್ಕದ ಸೀಟಿನಲ್ಲಿ ಸ್ಟೇರಿಂಗ್ ಹಿಡಿದು ಬೆವತವರು. ನನ್ನ ಗಂಟಲು ಕೆಟ್ಟಿರುವುದು ನಿಮ್ಮಿಂದಲೇ. ಮಾನ್ಯ ಅಧ್ಯಕ್ಷರು ಒಮ್ಮೆ ರಿವರ್ಸಿನಲ್ಲಿ ಹೋಗಿ ನಮ್ಮದೇ ಗೇಟಿಗೆ ಗುದ್ದಿ, ಇಳಿದು ಬಂದು ನನ್ನನ್ನೇ ಬೈದರು: ‘ಅಲ್ಲಿ ಗೇಟಿದೆ ಅಂತ ಮೊದಲೇ ಹೇಳೋಕೆ ಏನಾಗಿತ್ತಪ್ಪ ನಿಂಗೆ?’ ನಗಬೇಡಿ ಮೇಡಂ, ಆ ಗೇಟು ಇವತ್ತಿಗೂ ಸೊಟ್ಟಗೇ ಇದೆ.

ನನ್ನ ಕಾರಿನಲ್ಲಿ ನಾನು ಕೂರುವ ಕಡೆಗೂ ಒಂದು ಬ್ರೇಕ್ ಇರುತ್ತದೆ. ಕಲಿಯುವವರು ಕೈ ಬಿಟ್ಟಾಗ ನಾನು ಕಾಲು ಒತ್ತುತ್ತೇನೆ. ಇಷ್ಟು ವರ್ಷದಲ್ಲಿ ನನ್ನ ಕಾರಿನಿಂದ ಒಬ್ಬರಿಗೂ ಗಾಯವಾಗಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತೇನೆ, ಯಾಕೆಂದರೆ ಹೆಮ್ಮೆಯಿಂದ ಹೇಳಲು ನನ್ನ ಹತ್ತಿರ ಬೇರೇನೂ ಉಳಿದಿಲ್ಲ.

ನನ್ನ ಮಗಳು ಈ ಸಭೆಯಲ್ಲಿಲ್ಲ. ಊರಿನ ಆ ತುದಿಯಲ್ಲಿ, ಅವಳ ಚಿಕ್ಕಮ್ಮನ ಮನೆಯಲ್ಲಿದ್ದಾಳೆ. ಎರಡು ವರ್ಷದಿಂದ ಅಲ್ಲೇ ಇದ್ದಾಳೆ. ನಿಮ್ಮಲ್ಲಿ ಕೆಲವರಿಗೆ, ಅವಳು ಅಲ್ಲಿ ಒಳ್ಳೆಯ ಶಾಲೆ ಇದೆ ಎಂದು ಹೋದಳು ಅಂತ ನಾನೇ ಹೇಳಿದ್ದೇನೆ. ಈಗ ಶಾಲೆ ಮುಗಿಯಿತು. ಕಾಲೇಜು ಈ ಕಡೆಯೋ ಆ ಕಡೆಯೋ ಎಂದು ಈ ವಾರ ತೀರ್ಮಾನವಾಗಬೇಕು. ಈ ಕಡೆ ಸೇರಿದರೆ ಮನೆಗೆ ಬರುತ್ತಾಳೆ. ಆ ಕಡೆ ಸೇರಿದರೆ ಇನ್ನು ಬರುವುದಿಲ್ಲ. ನನಗೆ ಬೇಕಾಗಿರುವುದು ಅದೊಂದೇ, ಅವಳು ಮನೆಗೆ ಬರುವುದು. ಫಲಕ ಬೇಕಾಗಿರಲಿಲ್ಲ. ತಪ್ಪು ತಿಳಿಯಬೇಡಿ.

ಹೊಸದಾಗಿ ಬಂದಿರುವ ಬಾಡಿಗೆದಾರರಿಗೆ ನಮ್ಮ ಹಳೆಯ ದಿನಗಳು ಗೊತ್ತಿಲ್ಲ. ಎರಡು ಕಟ್ಟಡಗಳ ನಡುವೆ ನೀರಿನ ಪಂಪಿನ ಕೋಣೆ ಇದೆಯಲ್ಲ, ಅದರ ಮೆಟ್ಟಿಲ ಮೇಲೆ ದಿನಾ ಸಂಜೆ ಕೂಡುತ್ತಿದ್ದೆವು. ಏನು ಮಾತಾಡುತ್ತಿದ್ದೆವು? ಏನು ಮಾತಾಡುತ್ತಿರಲಿಲ್ಲ! ಟ್ರಾಫಿಕ್ಕು, ಕಸದ ಗಾಡಿ, ಯಾವ ಶಾಲೆಯಲ್ಲಿ ಹೋಮ್‌ವರ್ಕ್ ಜಾಸ್ತಿ, ಯಾವ ಟ್ಯೂಷನ್ನಿನಲ್ಲಿ ಪಾಠ ಕಡಿಮೆ, ವಾರ್ಡಿಗೆ ಯಾರು ನಿಲ್ಲುತ್ತಾರೆ, ಗೆದ್ದವರು ಎಲ್ಲಿ ಕಾಣೆಯಾಗುತ್ತಾರೆ. ಹಿಂದಿನ ಕಟ್ಟಡದ ಔಷಧಿ ಅಂಗಡಿಯವರು, ಅಗೋ ಕಂಬದ ಪಕ್ಕ ಕೂತಿದ್ದಾರೆ, ಒಂದು ದಿನ ಕೇಳಿದರು:

‘ಮಕ್ಕಳಿಗೆ ಹೊಡೀಬಾರದು ಅಂತೀರಿ, ಬೈಬಾರದು ಅಂತೀರಿ. ಮತ್ತೆ ಮಾಡೋದಾದ್ರೂ ಏನು, ಅರ್ಜಿ ಹಾಕ್ಕೋಬೇಕಾ?’

ಅವರ ಹೆಂಡತಿ ತಟ್ಟನೆ ಹೇಳಿದರು: ‘ನಮ್ಮನೇಲಿ ದಿನಾ ಅರ್ಜಿ ಹಾಕೋಳು ನಾನೇ. ಅಪ್ಪ ಮಗ ಇಬ್ರೂ ಸೇರಿ ವಜಾ ಮಾಡ್ತಾರೆ.’

ಹೀಗೆ ನಗುತ್ತಿದ್ದೆವು. ಪಂಪು ಶುರುವಾದರೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ, ಆದರೂ ಮಾತಾಡುತ್ತಿದ್ದೆವು. ಎದುರು ಬಾಗಿಲಿನಲ್ಲಿ ಯಾರಿದ್ದಾರೆ ಎಂದು ವರ್ಷಗಟ್ಟಲೆ ಗೊತ್ತಾಗದ ಇಂಥ ಊರಿನಲ್ಲಿ, ನಮ್ಮಲ್ಲಿ ಒಬ್ಬರ ಮನೆಯ ಕುಕ್ಕರ್ ಸದ್ದು ಇನ್ನೊಬ್ಬರಿಗೆ ಗೊತ್ತಾಗುತ್ತಿತ್ತು. ಇದು ಸಣ್ಣ ಮಾತೇ?

ಇನ್ನು ಮುನಿಸಿನ ಊಟ. ಇದನ್ನು ಹೇಳದೆ ಮುಂದೆ ಹೋಗಲಾರೆ. ಇದನ್ನು ಶುರು ಮಾಡಿದವರು ನಮ್ಮ ಕೆಳಮನೆ ಅಜ್ಜಿ, ಆಸ್ಪತ್ರೆಯಲ್ಲಿ ದಾದಿಯಾಗಿದ್ದು ನಿವೃತ್ತರಾದವರು. ಔಷಧಿ ಅಂಗಡಿಯವರ ಮಗ ಆಗ ಇಷ್ಟುದ್ದ ಇದ್ದ. ಒಂದು ಸಂಜೆ ಮನೆಯಲ್ಲಿ ರಂಪ ಮಾಡಿ, ಮುಖ ಗಂಟು ಹಾಕಿಕೊಂಡು ಮೆಟ್ಟಿಲ ಮೇಲೆ ಕೂತಿದ್ದ. ಅಜ್ಜಿ ಒಳಗೆ ಕರೆದು ತಟ್ಟೆ ಹಾಕಿದರು. ಹಿಂದೆಯೇ ಅವನ ಅಮ್ಮ ಓಡಿ ಬಂದು, ‘ಅಜ್ಜಿ, ನಮ್ಮವನು ಇಲ್ಲಿದಾನಾ?’ ಎಂದು ಕೇಳಿದರು.

ಅಜ್ಜಿ ಬಾಗಿಲಿಗೆ ಅಡ್ಡ ನಿಂತು, ‘ಇದಾನೆ. ಆದ್ರೆ ನೀನು ಕೇಳ್ಬಾರದಿತ್ತು ಕಣಮ್ಮ. ದೊಡ್ಡೋರಿಗೆ ಕೋಪ ಬಂದ್ರೆ ಹೊರಗೆ ಹೋಗಿ ಬರ್ತೀವಿ. ಮಗು ಎಲ್ಲಿಗೆ ಹೋಗ್ಬೇಕು? ಉಂಡು ಬರ್ತಾನೆ, ಹೋಗು’ ಎಂದರು.

ಅಷ್ಟೇ. ಅದೇ ಕಟ್ಟುಪಾಡಾಯಿತು. ಅಪ್ಪ ಅಮ್ಮನ ಮೇಲೆ ಮುನಿದ ಮಗು ಎರಡು ಕಟ್ಟಡದ ಯಾವ ಮನೆಗಾದರೂ ಹೋಗಬಹುದು. ಆ ಮನೆಯವರು ಊಟ ಹಾಕಬೇಕು. ಯಾಕೆ ಮುನಿಸು ಎಂದು ಕೇಳಬಾರದು, ಮಗು ನಮ್ಮಲ್ಲಿದೆ ಎಂದು ಹೇಳಿಯೂ ಕಳಿಸಬಾರದು. ಅಪ್ಪ ಅಮ್ಮ ಹುಡುಕಿಕೊಂಡು ಹೋಗಬಾರದು. ನಿದ್ದೆ ಬಂದರೆ ಮಗು ಅಲ್ಲೇ ಮಲಗುತ್ತದೆ. ಬೆಳಿಗ್ಗೆ ಯೂನಿಫಾರಂ ಹಾಕಿಕೊಳ್ಳಲು ಮನೆಗೆ ಬರಲೇಬೇಕಲ್ಲ, ಬರುತ್ತದೆ. ಬಂದಾಗ ಏನೂ ಆಗದ ಹಾಗೆ ತಲೆ ಬಾಚಿ ಕಳಿಸಬೇಕು.

ಮಕ್ಕಳು ನಮಗಿಂತ ಚುರುಕು. ಔಷಧಿ ಅಂಗಡಿಯವರ ಮಗ ಸಂಜೆ ಎರಡೂ ಕಟ್ಟಡದ ಮೆಟ್ಟಿಲು ಹತ್ತಿಳಿದು, ಯಾರ ಮನೆಯಿಂದ ಒಳ್ಳೆಯ ವಾಸನೆ ಬರುತ್ತಿದೆ ಎಂದು ನೋಡಿಕೊಂಡು, ಆಮೇಲೆ ಮನೆಗೆ ಹೋಗಿ ಜಗಳ ತೆಗೆಯುತ್ತಿದ್ದ. ಅವನಿಗೆ ತಟ್ಟೆರಾಯ ಎಂದು ಹೆಸರಿಟ್ಟವಳು ನನ್ನ ಮಗಳು. ಒಂದು ಸಲ ನಾನೂ ಹೆಂಡತಿಯ ಮೇಲೆ ಸಿಟ್ಟಾಗಿ ಹೆಡ್‌ಮಿಸ್ ಮನೆಗೆ ಹೋದೆ. ಅವರು ಒಂದು ಮಾತು ಕೇಳಲಿಲ್ಲ. ಬಡಿಸಿದರು. ಎದ್ದಾಗ ಮಾತ್ರ, ‘ತಟ್ಟೆ ತೊಳೆದಿಟ್ಟು ಹೋಗಪ್ಪ. ಮಕ್ಕಳಿಗೆ ಮಾತ್ರ ರಿಯಾಯಿತಿ’ ಎಂದರು.

ನನ್ನ ಮಗಳು ಈ ಕಟ್ಟಡಗಳಲ್ಲಿ ಉಣ್ಣದ ಮನೆಯಿಲ್ಲ. ಅವಳಿಗೆ ನನ್ನದೇ ಮೂಗಿನ ತುದಿಯ ಕೋಪ. ತಿಂಗಳಿಗೊಮ್ಮೆಯಾದರೂ ಬಾಗಿಲು ದಡಾರೆಂದು ಹಾಕಿ ಹೋಗುತ್ತಿದ್ದಳು. ನಾವು ನೆಮ್ಮದಿಯಾಗಿ ಊಟ ಮಾಡುತ್ತಿದ್ದೆವು. ಎಲ್ಲೋ ಒಂದು ಕಡೆ ಅವಳೂ ಉಣ್ಣುತ್ತಿದ್ದಾಳೆ ಎಂದು ಗೊತ್ತಿತ್ತು. ಮಗಳು ಎಲ್ಲಿದ್ದಾಳೆ ಎಂದು ಗೊತ್ತಿಲ್ಲದೆಯೂ ನೆಮ್ಮದಿಯಾಗಿ ಉಣ್ಣಬಹುದಾದ ಕಾಲ ಅದು. ಅಂಥ ಕಾಲ ನಮಗೆ ಒಮ್ಮೆ ಇತ್ತು ಎಂದು ಹೇಳಿದರೆ ಈಗ ಯಾರು ನಂಬುತ್ತಾರೆ?

ಆಮೇಲೆ ಬಸ್ ನಿಲ್ದಾಣದ ಗಲಾಟೆ ಬಂತು.

ಮಾನ್ಯ ಸದಸ್ಯರೇ, ತಾವು ಆಗ ಇನ್ನೂ ಅಭ್ಯರ್ಥಿ. ಆಗ ಫೋನು ನಾವು ಮಾಡಿದರೂ ಎತ್ತುತ್ತಿದ್ದಿರಿ. ನಮ್ಮ ಮುಂದಿನ ಗೇಟಿನ ಎದುರಿಗಿದ್ದ ಬಸ್ ನಿಲ್ದಾಣವನ್ನು ಹಿಂದಿನ ಗೇಟಿನ ರಸ್ತೆಗೆ ಹಾಕುತ್ತಾರೆ ಎಂದು ಸುದ್ದಿಯಾಯಿತು. ಹಿಂದಿನ ಕಟ್ಟಡದವರು, ವಯಸ್ಸಾದವರಿಗೆ ನಡೆಯಲು ಆಗುವುದಿಲ್ಲ, ಇಲ್ಲಿಗೇ ಬರಲಿ ಎಂದರು. ಮುಂದಿನ ಕಟ್ಟಡದವರು, ಇಲ್ಲಿ ಅಂಗಡಿಗಳಿವೆ, ದೀಪವಿದೆ, ಮಕ್ಕಳಿಗೆ ಕ್ಷೇಮ, ಇಲ್ಲೇ ಇರಲಿ ಎಂದೆವು. ನನ್ನ ಡ್ರೈವಿಂಗ್ ಶಾಲೆಯ ಆಫೀಸು ಆ ನಿಲ್ದಾಣದ ಬೆನ್ನಿಗೇ ಇದೆ ಎಂಬುದಕ್ಕೂ ನನ್ನ ಅಭಿಪ್ರಾಯಕ್ಕೂ ಯಾವ ಸಂಬಂಧವೂ ಇರಲಿಲ್ಲ. ಇದನ್ನು ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ. ಯಾರೋ ಹಿಂದಿನ ಸಾಲಿನಲ್ಲಿ ಕೆಮ್ಮಿದರು. ಕೆಮ್ಮಲಿ.

ತಾವು ಬಂದು ನಮಗೆ ‘ಇಲ್ಲೇ ಇರಲಿ’ ಎಂದು ಮಾತು ಕೊಟ್ಟಿರಿ. ತಮ್ಮ ಎದುರಾಳಿ ಅವರಿಗೆ ‘ಇಲ್ಲಿಗೇ ಬರಲಿ’ ಎಂದು ಮಾತು ಕೊಟ್ಟರು. ಹಸಿರು ಚೀಟಿ ನಮಗೆ, ಹಳದಿ ಚೀಟಿ ಅವರಿಗೆ. ಬಾಗಿಲು ಬಾಗಿಲಿಗೂ ಅಂಟಿದವು. ಪಂಪಿನ ಮೆಟ್ಟಿಲ ಮೇಲೆ ಹಳದಿಯವರು ಉಳಿದರು, ಹಸಿರಿನವರು ಗೇಟಿನ ಹತ್ತಿರ ನಿಲ್ಲತೊಡಗಿದೆವು. ದಾರಿಯಲ್ಲಿ ಎದುರಾದರೆ ಎಲ್ಲರೂ ಮೊಬೈಲು ನೋಡುವುದು. ಇಷ್ಟು ವರ್ಷ ಕಷ್ಟ ಸುಖ ಹೇಳಿಕೊಂಡ ಜನ, ಒಂದು ತಗಡಿನ ಸೂರಿಗಾಗಿ, ಮೂರು ಸಿಮೆಂಟಿನ ಬೆಂಚಿಗಾಗಿ ಒಬ್ಬರ ಮುಖ ಒಬ್ಬರು ನೋಡದ ಹಾಗಾದೆವು. ನಾಚಿಕೆಯಾಗಬೇಕು ಅನ್ನಿಸುತ್ತದೆ. ಆದರೆ ಆಗ ಅನ್ನಿಸಲಿಲ್ಲ. ಆಗ ಮಜಾ ಇತ್ತು, ನಿಜ ಹೇಳಿ, ಇರಲಿಲ್ಲವೇ?

ಆ ದಿನಗಳಲ್ಲೂ ತಮಾಷೆ ಇತ್ತು. ಒಂದು ಸಂಜೆ ತಟ್ಟೆರಾಯ ನಮ್ಮ ಬಾಗಿಲಿಗೆ ಬಂದ. ಮುಖ ಊದಿಸಿಕೊಂಡಿದ್ದ. ನನ್ನ ಹೆಂಡತಿ ಆಗಲೇ ತಟ್ಟೆಗೆ ಕೈ ಹಾಕಿದ್ದಳು. ನಾನು ಸುಮ್ಮನೆ ತಮಾಷೆಗೆ, ‘ಏನೋ, ನಿಮ್ಮ ಕಡೆ ಒಲೆ ಹಚ್ಚಿಲ್ವಾ ಇವತ್ತು? ನಮ್ಮ ಬಾಗಿಲ ಮೇಲೆ ಏನು ಬರ್ದಿದೆ, ಗಟ್ಟಿಯಾಗಿ ಓದು. ಓದಿದ್ರೆ ಊಟ’ ಎಂದೆ. ಹುಡುಗ ಓದಿದ. ‘ಇಲ್ಲೇ ಇರಲಿ.’ ಚೆನ್ನಾಗಿ ಓದಿದ, ತಡವರಿಸಲಿಲ್ಲ. ಓದಿ, ತಿರುಗಿ ಮೆಟ್ಟಿಲು ಇಳಿದು ಹೋದ. ನಾನು ಕರೆದೆ, ‘ಏ, ತಮಾಷೆ ಕಣೋ!’ ಎಂದೆ. ಬರಲಿಲ್ಲ. ಈಗಿನ ಮಕ್ಕಳಿಗೆ ತಮಾಷೆಯೇ ಗೊತ್ತಾಗುವುದಿಲ್ಲ. ನನ್ನ ಮಗಳಿಗೂ ಗೊತ್ತಾಗಲಿಲ್ಲ. ಅರ್ಧ ಊಟದಲ್ಲಿ ಎದ್ದು ಕೈ ತೊಳೆದುಕೊಂಡಳು. ಔಷಧಿ ಅಂಗಡಿಯವರಿಗೆ ಇದು ಗೊತ್ತಿತ್ತೋ ಇಲ್ಲವೋ, ಈಗ ಗೊತ್ತಾಯಿತು. ತಮಾಷೆ ಸ್ವಾಮಿ, ತಮಾಷೆ.

ಮೇಡಂ ಗಡಿಯಾರ ತೋರಿಸುತ್ತಿದ್ದಾರೆ. ಮುಗಿಸುತ್ತೇನೆ ಮೇಡಂ. ನೀವು ನಮ್ಮ ಗೇಟಿಗೆ ಗುದ್ದಿದಾಗ ನಾನು ಗಡಿಯಾರ ನೋಡಿರಲಿಲ್ಲ.

ನನ್ನ ಮಗಳು ಚಿತ್ರ ಚೆನ್ನಾಗಿ ಬರೆಯುತ್ತಾಳೆ. ಒಂದು ಚಿತ್ರ ಬರೆದಿದ್ದಳು. ಬೆಳಿಗ್ಗೆ ಬಸ್ಸಿಗೆ ಕಾಯುತ್ತಿರುವ ಎರಡೂ ಕಟ್ಟಡದ ಮಕ್ಕಳು, ಉದ್ದಕ್ಕೆ ಸಾಲಾಗಿ, ಒಬ್ಬರ ಕೈ ಒಬ್ಬರು ಹಿಡಿದು ನಿಂತಿದ್ದಾರೆ. ಯಾರು ಯಾರು ಎಂದು ಗುರುತು ಸಿಗುವ ಹಾಗೆ ಬರೆದಿದ್ದಳು. ಕನ್ನಡಕ ಹಾಕಿದವರಿಗೆ ಕನ್ನಡಕ, ಹಲ್ಲು ಬಿದ್ದವರಿಗೆ ಹಲ್ಲಿಲ್ಲ. ನಾನು ಅದನ್ನು ಫೋಟೋ ತೆಗೆದು ಬ್ಯಾನರಿನ ಅಂಗಡಿಗೆ ಕೊಟ್ಟೆ. ಕೆಳಗೆ ‘ನಮ್ಮ ಮಕ್ಕಳಿಗಾಗಿ, ಇಲ್ಲೇ ಇರಲಿ’ ಎಂದು ಹಾಕಿಸಿದೆ. ಬ್ಯಾನರಿನ ಉದ್ದ ಸಾಲಲಿಲ್ಲ. ಒಂದು ಕಡೆ ಕತ್ತರಿಸಬೇಕಾಯಿತು. ಹಿಂದಿನ ಕಟ್ಟಡದ ಮಕ್ಕಳು ಬಲಗಡೆ ನಿಂತಿದ್ದರು. ಬಲಗಡೆ ಕತ್ತರಿಸಿದರೆ ಅಕ್ಷರಕ್ಕೆ ಜಾಗ ಚೆನ್ನಾಗಿ ಬರುತ್ತದೆ ಎಂದು ಅಂಗಡಿಯವನೇ ಹೇಳಿದ. ನಾನು ಸರಿ ಎಂದೆ.

ಬ್ಯಾನರು ಗೇಟಿಗೆ ಕಟ್ಟಿದ ದಿನ ಅವಳು ಶಾಲೆಯಿಂದ ಬಂದು ಅದರ ಮುಂದೆ ನಿಂತಳಂತೆ. ತುಂಬ ಹೊತ್ತು ನಿಂತಿದ್ದಳು ಎಂದು ಕಾವಲುಗಾರ ಹೇಳಿದ. ಮನೆಗೆ ಬಂದಳು.

‘ಅಪ್ಪಾ, ಸಾಲಿನ ಕೊನೇಲಿ ನಾನಿದೀನಿ. ನನ್ನ ಕೈ ಹಿಡ್ಕೊಂಡಿರೋ ಒಂದು ಕೈ ಮಾತ್ರ ಇದೆ, ಆಳಿಲ್ಲ. ಅದು ಯಾರ ಕೈ ಅಂತ ಕೇಳಿದ್ರೆ ಏನು ಹೇಳ್ಲಿ?’

ನಾನು ಏನು ಹೇಳಿದೆ? ಸಂಜೆ ಸಭೆಯಿತ್ತು, ಅವಸರದಲ್ಲಿದ್ದೆ. ‘ಒಂದು ಚಿತ್ರಕ್ಕೆ ಇಷ್ಟೊಂದಾ? ಇನ್ನೊಂದು ಬರ್ಕೊಂಡ್ರಾಯ್ತು ಬಿಡು’ ಎಂದೆ. ಬಾಗಿಲು ದಡಾರೆಂದಿತು. ನನ್ನ ಹೆಂಡತಿ ಅಡುಗೆಮನೆಯಿಂದಲೇ, ‘ಹೋಗ್ಲಿ ಬಿಡಿ, ಎಲ್ಲೋ ಉಂಡು ಬರ್ತಾಳೆ’ ಎಂದಳು.

ಆ ಸಂಜೆಯ ಸಭೆ ನಿಮಗೆ ನೆನಪಿರಬೇಕು. ನಾನೇ ಕರೆದಿದ್ದೆ. ಮನೆಗೊಬ್ಬರು ಸಾಲದು, ಎಲ್ಲರೂ ಬರಬೇಕು ಎಂದಿದ್ದೆ. ಮುಂದಿನ ಕಟ್ಟಡದಿಂದ ಒಂದು ಮನೆಯೂ ತಪ್ಪಿಸಲಿಲ್ಲ. ಮುದುಕರು, ಕಂಕುಳ ಮಕ್ಕಳು, ಎಲ್ಲರೂ ಬಾಗಿಲಿಗೆ ಬೀಗ ಹಾಕಿಕೊಂಡು ಕೆಳಗೆ ಬಂದಿದ್ದರು. ಕಾರ್ಯದರ್ಶಿಯಾಗಿ ನನಗೆ ಅಷ್ಟು ಹೆಮ್ಮೆಯಾದ ದಿನ ಇನ್ನೊಂದಿಲ್ಲ. ಇಡೀ ಕಟ್ಟಡದಲ್ಲಿ ಒಂದು ಬಾಗಿಲೂ ತೆರೆದಿರಲಿಲ್ಲ, ಅಂಥ ಒಗ್ಗಟ್ಟು.

ಕೆಳಮನೆ ಅಜ್ಜಿ ಆ ಹೊತ್ತಿಗೆ ತೀರಿಕೊಂಡಿದ್ದರು.

ಸಭೆ ಮುಗಿಸಿ ಮನೆಗೆ ಬಂದೆ. ಉಂಡೆವು. ಕಟ್ಟುಪಾಡಿನ ಪ್ರಕಾರ ಕೇಳಲಿಲ್ಲ, ಹುಡುಕಲಿಲ್ಲ. ಮಲಗಿದೆವು, ನಿದ್ದೆಯೂ ಬಂತು. ಬೆಳಿಗ್ಗೆ ಅವಳ ಯೂನಿಫಾರಂ ಇಸ್ತ್ರಿ ಮಾಡಿದ್ದು ಹಾಗೇ ಮೊಳೆಯಲ್ಲಿ ನೇತಾಡುತ್ತಿತ್ತು. ಶಾಲೆಯ ಹೊತ್ತು ಮೀರಿತು. ಬರಿಗಾಲಲ್ಲಿ ಇಳಿದೆ. ಮೊದಲು ನಮ್ಮ ಕಟ್ಟಡ, ಆಮೇಲೆ ಹಿಂದಿನದು. ಒಂದೊಂದೇ ಬಾಗಿಲು ತಟ್ಟಿದೆ. ಎಲ್ಲರದೂ ಒಂದೇ ಮಾತು: ‘ನಮ್ಮಲ್ಲಿಗೆ ಬಂದಿಲ್ಲ. ಬೇರೆ ಯಾರ ಮನೇಲೋ ಇರ್ಬೇಕು, ನೋಡಿ.’ ಔಷಧಿ ಅಂಗಡಿಯವರ ಬಾಗಿಲಿಗೂ ಹೋದೆ. ಅವರ ಹೆಂಡತಿ ಒಳಗಿನಿಂದ ನನ್ನನ್ನು ನೋಡಿ ಅಡುಗೆಮನೆಗೆ ಹೋದರು. ಔಷಧಿ ಅಂಗಡಿಯವರು, ‘ನಿಮ್ಮ ಕಡೆಯೋರ ಮನೇಲಿ ನೋಡಿದ್ರಾ?’ ಎಂದರು. ನಾನು ಆ ಬಾಗಿಲಲ್ಲೇ ಕುಸಿದು ಕೂತೆ. ಒಂದು ಲೋಟ ನೀರು ತಂದುಕೊಟ್ಟರು. ಅದನ್ನು ನಾನು ಮರೆತಿಲ್ಲ.

ಆಗ ನನ್ನ ನಾದಿನಿಯ ಫೋನು ಬಂತು. ‘ಭಾವ, ಮಗು ನಮ್ಮಲ್ಲಿದೆ. ಉಂಡಿದಾಳೆ, ಮಲಗಿದಾಳೆ. ನಿಮ್ಮ ಕಟ್ಟಡದ ಕಟ್ಟುಪಾಡು ನಂಗೂ ಗೊತ್ತಲ್ವಾ, ಅದಕ್ಕೇ ನಿನ್ನೆ ಹೇಳಿಲ್ಲ.’

ಜೀವ ಬಂತು. ಬಂದ ಕೂಡಲೇ ಸಿಟ್ಟೂ ಬಂತು. ‘ಅದು ನಮ್ಮ ಕಟ್ಟಡದೊಳಗೆ ಮಾತ್ರ ಕಣಮ್ಮ! ಊರಿನ ಆ ತುದಿಗೆಲ್ಲ ಅಲ್ಲ!’ ಎಂದು ಕೂಗಿದೆ.

‘ಹೌದಾ ಭಾವ? ಒಳಗೆ ಇನ್ನೂ ಇದೆಯಾ ಅದು?’ ಎಂದಳು.

ಅದೇ ನಿಲ್ದಾಣದಲ್ಲಿ ಅವಳು ಬಸ್ಸು ಹತ್ತಿದ್ದಳು. ಎರಡು ಬಸ್ಸು ಬದಲಿಸಿ, ಒಬ್ಬಳೇ, ಊರು ದಾಟಿ ಹೋಗಿದ್ದಳು. ನಾವು ಕೆಳಗೆ ಕೂತು ಆ ನಿಲ್ದಾಣ ಮಕ್ಕಳಿಗೆ ಎಷ್ಟು ಕ್ಷೇಮ ಎಂದು ಭಾಷಣ ಮಾಡುತ್ತಿದ್ದೆವು.

ಕರೆಯಲು ಹೋದೆ. ಬರಲಿಲ್ಲ. ಬೈದೆ, ಬರಲಿಲ್ಲ. ಅತ್ತೆ, ಹೌದು, ಅತ್ತೆ, ಆಗಲೂ ಬರಲಿಲ್ಲ. ‘ಯಾರ ಬಾಗಿಲಿಗೆ ಹೋಗಿದ್ದೆ ಹೇಳು, ನಾನು ವಿಚಾರಿಸ್ಕೋತೀನಿ’ ಎಂದೆ.

‘ಯಾರು ಅಂತ ಕೇಳ್ಬೇಡ ಅಪ್ಪ. ನಮ್ಮ ಕಟ್ಟಡದಲ್ಲಿ ಎಲ್ಲಾ ಬೀಗ. ಆ ಕಟ್ಟಡದಲ್ಲಿ ಯಾರೂ ಕೆಟ್ಟ ಮಾತು ಆಡ್ಲಿಲ್ಲ. ಒಬ್ರು, ನಿಮ್ಮಪ್ಪಂಗೆ ಹೇಳಿ ಬಂದಿದೀಯಾ ಪುಟ್ಟಾ, ಅಂದ್ರು. ಒಬ್ರು, ನಿಮ್ಮ ಕಡೆಯೋರು ಯಾರೂ ಇಲ್ವಾ, ಅಂದ್ರು. ಒಬ್ರು ಒಳಗೇ ಇದ್ರು. ನಾನು ಬೆಲ್ ಮಾಡಿದಾಗ ಟಿವಿ ಸದ್ದು ಕಡಿಮೆ ಮಾಡಿದ್ರು.’

ಸಭಿಕರೇ, ಅವಳನ್ನು ಯಾರೂ ಹೊಡೆಯಲಿಲ್ಲ, ಯಾರೂ ಬೈಯಲಿಲ್ಲ. ಟಿವಿ ಸದ್ದು ಕಡಿಮೆ 
ಮಾಡಿದರು. ಎರಡು ವರ್ಷದಿಂದ ನನ್ನ ಮನೆಯಲ್ಲಿ ಟಿವಿ ಹಾಕಿದರೆ ನನಗೆ ಕೂರಲು ಆಗುವುದಿಲ್ಲ. ಎದ್ದು ಬಾಲ್ಕನಿಗೆ ಹೋಗುತ್ತೇನೆ. ನನ್ನ ಹೆಂಡತಿ ಒಬ್ಬಳೇ ನೋಡುತ್ತಾಳೆ.

ನಿಲ್ದಾಣ ಏನಾಯಿತು? ಎಲ್ಲರಿಗೂ ಗೊತ್ತು, ಆದರೂ ದಾಖಲೆಗೆ ಇರಲಿ. ಮಾನ್ಯ ಸದಸ್ಯರು ಗೆದ್ದರು. ಗೆದ್ದ ಮೇಲೆ ಆ ಬಸ್ಸಿನ ಮಾರ್ಗವೇ ರದ್ದಾಯಿತು. ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ತಗಡಿನ ಸೂರಿನ ಕೆಳಗೆ ಈಗ ಬೈಕುಗಳನ್ನು ನಿಲ್ಲಿಸುತ್ತಾರೆ. ಜಗಳವಾಡಲು ಏನೂ ಉಳಿಯಲಿಲ್ಲ. ಚೀಟಿಗಳನ್ನು ಬಿಸಿನೀರು ಹಾಕಿ ಕೆರೆದೆವು. ನಾನು ಹೋಗಿ ಔಷಧಿ ಅಂಗಡಿಯವರ ಕೈ ಕುಲುಕಿದೆ, ಅವರು ನನ್ನ ಬೆನ್ನು ತಟ್ಟಿದರು, ಯಾರೋ ಫೋಟೋ ತೆಗೆದರು. ಅದನ್ನೇ ನೀವು ‘ಒಂದು ಮಾಡಿದ್ದು’ ಎಂದು ಈ ಫಲಕದಲ್ಲಿ ಕೆತ್ತಿಸಿದ್ದೀರಿ.

ದೊಡ್ಡವರು ರಾಜಿಯಾದೆವು. ಮಕ್ಕಳು ಯಾಕೆ ಆಗಲಿಲ್ಲ? ಎರಡು ವರ್ಷದಲ್ಲಿ ಒಂದೇ ಒಂದು ಮಗು ಯಾರ ಮನೆಗಾದರೂ ಮುನಿಸಿನ ಊಟಕ್ಕೆ ಬಂದಿದೆಯೇ? ಇಲ್ಲ. ಮಕ್ಕಳಿಗೆ ಮುನಿಸು ಬರುವುದು ನಿಂತಿದೆಯೇ? ಅದೂ ಇಲ್ಲ. ಮೊನ್ನೆ ತಟ್ಟೆರಾಯ ಮನೆಯಲ್ಲಿ ಜಗಳವಾಡಿ, ಕೋಣೆಯ ಚಿಲಕ ಹಾಕಿಕೊಂಡು, ಫೋನಿನಲ್ಲೇ ಹೋಟೆಲಿನಿಂದ ಊಟ ತರಿಸಿಕೊಂಡನಂತೆ. ತಂದವನು ಬಾಗಿಲು ತಟ್ಟಿದಾಗ ಅಪ್ಪನೇ ಪೊಟ್ಟಣ ಇಸಿದುಕೊಂಡು ಮಗನ ಕೋಣೆಯ ಮುಂದೆ ಇಟ್ಟರಂತೆ. ನೀವು ಇದನ್ನು ನಗುತ್ತ ನನಗೆ ಹೇಳಿದಿರಿ ಸ್ವಾಮಿ. ನಾನೂ ನಕ್ಕೆ. ಮನೆಗೆ ಹೋದ ಮೇಲೆ ನಗು ಬರಲಿಲ್ಲ.

ನಾನು ಹುಡುಗರಿಗೆ, ಮುದುಕರಿಗೆ, ಕಾಲು ನಡುಗುವವರಿಗೆ ಕಾರು ಕಲಿಸಿದ್ದೇನೆ. ಕಲಿತದ್ದನ್ನು ಮರೆಸುವುದು ಹೇಗೆ ಎಂದು ನನಗೆ ಗೊತ್ತಿಲ್ಲ. ನಮ್ಮ ಮಕ್ಕಳು ಒಂದು ಪಾಠ ಕಲಿತುಬಿಟ್ಟಿದ್ದಾರೆ. ಅದನ್ನು ನಾವೇ ಕಲಿಸಿದೆವು. ನನಗೆ ಭರವಸೆ ಇಲ್ಲ. ಸನ್ಮಾನದ ದಿನ ಇಂಥ ಮಾತು ಆಡಬಾರದು, ಗೊತ್ತು. ಆದರೆ ಇಲ್ಲದ್ದನ್ನು ಎಲ್ಲಿಂದ ತರಲಿ?

ಇವತ್ತು ಬೆಳಿಗ್ಗೆ ಮಗಳಿಗೆ ಫೋನು ಮಾಡಿದೆ. ಕಾರ್ಯಕ್ರಮಕ್ಕೆ ಬಾ ಎಂದೆ. ಬರಲ್ಲ ಎಂದಳು. ‘ಕಾಲೇಜಿಗಾದ್ರೂ ಈ ಕಡೆ ಬಾ ಪುಟ್ಟಾ, ನಿಮ್ಮಮ್ಮ ದಿನಾ ನಿನ್ನ ಹಾಸಿಗೆ ಕೊಡವಿ ಹಾಕ್ತಾಳೆ’ ಎಂದೆ.

‘ಅಪ್ಪಾ, ಬಂದ್ರೆ ನಾವಿಬ್ರೂ ಜಗಳ ಆಡೋದಂತೂ ಗ್ಯಾರಂಟಿ. ನೀನೂ ಮುಂಗೋಪಿ, ನಾನೂ ನಿನ್ನ ಮಗಳೇ. ಜಗಳ ಆಡಿದ ದಿನ ನಾನು ಯಾರ ಮನೇಲಿ ಉಣ್ಲಿ? ಒಂದು ಮನೆ ಹೇಳು. ಒಂದೇ ಒಂದು. ನಾಳೆನೇ ಬಂದು ಅಲ್ಲಿ ಕಾಲೇಜು ಸೇರ್ತೀನಿ.’

ಸಂಜೆ ಹೇಳುತ್ತೇನೆ ಎಂದು ಫೋನಿಟ್ಟೆ. ಸ್ನಾನ ಮಾಡುವಾಗ ಯೋಚಿಸಿದೆ. ಅಂಗಿ ಹಾಕಿಕೊಳ್ಳುವಾಗ ಯೋಚಿಸಿದೆ. ಇಷ್ಟು ಮನೆಗಳ ಕಾರ್ಯದರ್ಶಿ ನಾನು, ನನಗೆ ಒಂದು ಮನೆ ಹೊಳೆಯಲಿಲ್ಲ.

ಆದ್ದರಿಂದ ನಿಮ್ಮನ್ನೇ ಕೇಳುತ್ತೇನೆ. ನನ್ನ ಮಗಳು ಮುನಿದು ಬಂದರೆ, ಏನೂ ಕೇಳದೆ, ಯಾರಿಗೂ ಹೇಳದೆ, ಒಂದು ತಟ್ಟೆ ಹಾಕುವ ಮನೆ ಯಾವುದು? ಭಾಷಣಕ್ಕಾಗಿ ಕೇಳುತ್ತಿಲ್ಲ. ನಿಜವಾಗಿಯೂ ಕೇಳುತ್ತಿದ್ದೇನೆ. ದಯವಿಟ್ಟು ಕೈ ಎತ್ತಿ.

ಓಹೋ. ಎಲ್ಲರೂ. ಮೇಡಂ, ನೀವೂ. ಹಿಂದಿನ ಸಾಲು, ಗೋಡೆಯ ಕಡೆ, ಎಲ್ಲರೂ. ಔಷಧಿ ಅಂಗಡಿಯವರು ಪಕ್ಕದವರ ಕಡೆ ನೋಡಿ ಎತ್ತಿದರು. ಮಾನ್ಯ ಸದಸ್ಯರು ಈ ಕಟ್ಟಡದಲ್ಲಿ ವಾಸವೇ ಇಲ್ಲ, ಅವರೂ ಫೋನಿಲ್ಲದ ಕೈ ಎತ್ತಿದ್ದಾರೆ. ತುಂಬ ಸಂತೋಷ. ಇಳಿಸಿ, ಕೈ ಇಳಿಸಿ.

ಆದರೆ ಅವಳು ಒಂದು ಮನೆ ಕೇಳಿದ್ದಾಳೆ. ಎಲ್ಲರ ಮನೆ ಎಂದು ಹೇಳಿದರೆ ಅವಳಿಗೆ ಅರ್ಥವಾಗುತ್ತದೆ, ಚೆನ್ನಾಗಿಯೇ ಅರ್ಥವಾಗುತ್ತದೆ. ಆದ್ದರಿಂದ ಯಾರಾದರೂ ಒಬ್ಬರು ಎದ್ದು ನಿಂತು, ‘ನಮ್ಮ ಮನೆ’ ಎಂದು ಹೇಳಿ. ಒಬ್ಬರು ಸಾಕು. ಮುಂದಿನ ಕಟ್ಟಡವಾಗಲಿ, ಹಿಂದಿನದಾಗಲಿ. ನಾನು ಕಾಯುತ್ತೇನೆ.

ಅಲ್ಲಿ ಕುರ್ಚಿ ಸದ್ದಾಯಿತು. ಇಲ್ಲ, ಮಗುವನ್ನು ಹೊರಗೆ ಕರೆದುಕೊಂಡು ಹೋಗುತ್ತಿದ್ದೀರಿ. ಹೋಗಿ ಬನ್ನಿ.

ಒಬ್ಬರ ಮುಖ ಒಬ್ಬರು ನೋಡುತ್ತಿದ್ದೀರಿ. ಯಾರು ಮೊದಲು ಏಳುತ್ತಾರೆ ಎಂದು ನೋಡುತ್ತಿದ್ದೀರಿ. ನಿಮ್ಮ ತಪ್ಪಲ್ಲ. ನಾನು ಆ ಕಡೆ ಕೂತಿದ್ದರೂ ಹಾಗೇ ನೋಡುತ್ತಿದ್ದೆನೋ ಏನೋ.

ಪರವಾಗಿಲ್ಲ. ಕೂತಿರಿ. ಈಗ ಏಳಬೇಡಿ ಮೇಡಂ, ದಯವಿಟ್ಟು. ಈಗ ಎದ್ದರೆ ಅದು ನನಗಾಗಿ ಎದ್ದಂತೆ. ಅವಳಿಗಾಗಿ ಅಲ್ಲ.

ಅಲ್ಲೇ ಸೇರಿಕೋ ಮಗಳೇ ಎಂದು ಹೇಳುತ್ತೇನೆ. ಅಲ್ಲಿ ಒಳ್ಳೆಯ ಕಾಲೇಜಿದೆ ಎಂದು ನಿಮಗೂ ಹೇಳುತ್ತೇನೆ.

ಸಂಘದ ಪದಾಧಿಕಾರಿಗಳಿಗೆ, ಮೈಕು ಹಾಕಿದವರಿಗೆ, ಕುರ್ಚಿ ಜೋಡಿಸಿದವರಿಗೆ, ಹಸಿವು ತಡೆದುಕೊಂಡು ಇಷ್ಟು ಹೊತ್ತು ಕೇಳಿದ ತಮ್ಮೆಲ್ಲರಿಗೆ ಮನಸಾರೆ ಧನ್ಯವಾದಗಳು. ಊಟ ತಣ್ಣಗಾಗುತ್ತಿದೆ, ಏಳಿ. ನಾನು ಹೊರಗೆ ಹೋಗಿ ಒಂದು ಫೋನು ಮಾಡಬೇಕು.

ನಮಸ್ಕಾರ.